ನೀವು ಲೋಕಲ್ ಅಲ್ವಾ?

“ನೀವು ಲೋಕಲ್ ಅಲ್ವಾ ಸಾರ್?” ಅಂತ ಯಾರಾದರೂ ಕೇಳಿದರೆ ನಾನು ಮೊದಲು ಜೇಬು ಮುಟ್ಟಿಕೊಳ್ಳುತ್ತೇನೆ, ಆಮೇಲೆ ಗಡಿಯಾರ ನೋಡಿಕೊಳ್ಳುತ್ತೇನೆ. ಎರಡರಲ್ಲಿ ಒಂದಕ್ಕಂತೂ ಕತ್ತರಿ ಬಿತ್ತು ಅಂತಲೇ ಲೆಕ್ಕ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಹನ್ನೊಂದು ವರ್ಷದಿಂದ ಅಕೌಂಟ್ಸ್ ನೋಡಿಕೊಂಡಿದ್ದೇನೆ. ಈ ಪ್ರಶ್ನೆಯನ್ನು ಉತ್ತರ ಬೇಕು ಅಂತ ಕೇಳಿದವರು ಇನ್ನೂ ಸಿಕ್ಕಿಲ್ಲ. ಬೈಕ್ ಹಿಡಿದ ಪೊಲೀಸಪ್ಪನಿಗೆ ಒಂದು ಮಾತು ಹೇಳಬೇಕು, ನಾಡಕಚೇರಿಯಲ್ಲಿ ಒಂದು ಸರ್ಟಿಫಿಕೇಟ್ ಆಗಬೇಕು, ಬಾಡಿಗೆಗೆ ಮನೆ ಬೇಕು, ಕಾಂಪೌಂಡಿನೊಳಗೆ ನುಗ್ಗಿದ ಹಾವು ಕೇರೆಯೋ ನಾಗರವೋ ತಿಳಿಯಬೇಕು. ಎಲ್ಲದಕ್ಕೂ ಪೀಠಿಕೆ ಇದೇ. ಹಾವಿನ ವಿಷಯದಲ್ಲಿ ನಮ್ಮ ಕೇರಳದ ಪ್ರೊಡಕ್ಷನ್ ಮ್ಯಾನೇಜರಿಗೆ ನನಗಿಂತ ಹೆಚ್ಚು ಗೊತ್ತು. ಆದರೂ ಕೋಲು ಕೊಡುವುದು ನನ್ನ ಕೈಗೆ.

ನರಸಾಪುರ ಅಂದರೆ ಹೊರಗಿನವರಿಗೆ ಹೆದ್ದಾರಿಯ ಪಕ್ಕದ ಒಂದು ಬೋರ್ಡು, ಅಷ್ಟೇ. ಬೆಂಗಳೂರು ಬಿಟ್ಟು, ಹೊಸಕೋಟೆ ದಾಟಿ, ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕೋಲಾರದ ಕಡೆ ಬರುವಾಗ ಸಿಗುತ್ತದೆ. ನಮ್ಮಪ್ಪನ ಕಾಲಕ್ಕೆ ಈ ಕಡೆ ಇದ್ದದ್ದು ರಾಗಿ ಹೊಲ, ನೀಲಗಿರಿ ತೋಪು ಮತ್ತು ನೀರು ಬಂದರೆ ಬಂತು ಅನ್ನುವಂಥ ಕೆರೆಗಳು. 2013ರಲ್ಲಿ ಹೋಂಡಾದವರು ಇಲ್ಲಿ ಗಾಡಿ ತಯಾರಿಸಲು ಶುರುಮಾಡಿದರು. ಅವರ ಹಿಂದೆ ಬಿಡಿಭಾಗದವರು ಬಂದರು. ಐಫೋನ್ ಜೋಡಿಸುವವರು ಬಂದರು. ಮೊದಲು ತೈವಾನಿನ ವಿಸ್ಟ್ರಾನ್, 2023ರಲ್ಲಿ ಅದನ್ನು ಟಾಟಾದವರು ಕೊಂಡುಕೊಂಡರು. 2018ರಲ್ಲಿ ಬೆಂಗಳೂರಿನವರು ಬಳಸಿ ಬಿಟ್ಟ ನೀರು ಕೂಡ ಶುದ್ಧೀಕರಣವಾಗಿ, ಕೆ.ಸಿ. ವ್ಯಾಲಿ ಯೋಜನೆಯ ಪೈಪಿನಲ್ಲಿ ಹರಿದು ಬಂದು, ನಮ್ಮ ಕೆರೆಗಳನ್ನು ತುಂಬಿಸಿತು. ಅಂದರೆ ಈಗ ಇಲ್ಲಿ ಕೆರೆಯ ನೀರೂ ಲೋಕಲ್ ಅಲ್ಲ. ಇಂಥ ಕಡೆ ಉಳಿದಿರುವ ನಾಲ್ಕಾರು ಲೋಕಲ್‌ಗಳಿಗೆ ಬೇಡಿಕೆ ಇರುವುದು ಸಹಜವೇ. ನನ್ನ ಹುಟ್ಟೂರು ಕಾರ್ಖಾನೆಯಿಂದ ಆರು ಕಿಲೋಮೀಟರ್. ಆದರೆ ಒಂದು ಗುಟ್ಟು: ಇಪ್ಪತ್ತು ವರ್ಷದಿಂದ ನಾನಿರುವುದು ಕೋಲಾರದಲ್ಲಿ. ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಬರುತ್ತೇನೆ, ಸಂಜೆ ಅದೇ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಹೋಗುತ್ತೇನೆ.

ಈ ಸಲ ಆ ಪ್ರಶ್ನೆ ಬಂದದ್ದು ಪಾರ್ಟಿಯ ನೆಪದಲ್ಲಿ. ನಮ್ಮದು ದ್ವಿಚಕ್ರ ವಾಹನಗಳಿಗೆ ಬ್ರೇಕು, ಕ್ಲಚ್ಚಿನ ಕೇಬಲ್ ಮಾಡುವ ಮಧ್ಯಮ ಗಾತ್ರದ ಕಾರ್ಖಾನೆ, ಹೆಸರು ಬೇಡ. 2025ರ ಜೂನ್ ಕೊನೆಯಲ್ಲಿ ಗ್ರಾಹಕ ಕಂಪನಿಯಿಂದ ಗುಣಮಟ್ಟಕ್ಕಾಗಿ ಒಂದು ಫಲಕ ಬಂತು. ಗಾಜಿನದು, ಒಳಗೆ ಲೇಸರಿನಲ್ಲಿ ಕೊರೆದ ಭೂಗೋಳ. ಪ್ಲಾಂಟ್ ಹೆಡ್ ಅದನ್ನು ಬೆಳಕಿಗೆ ಹಿಡಿದು ನೋಡಿ “ಎಲ್ಲರಿಗೂ ಒಂದು ಪಾರ್ಟಿ ಕೊಡೋಣ” ಅಂದರು. ಎಚ್‌ಆರ್ ಮೇಡಂ ಕಮಿಟಿ ಮಾಡಿದರು. ಪರ್ಚೇಸು, ಸ್ಟೋರ್ಸು, ಸೇಫ್ಟಿ, ಕ್ವಾಲಿಟಿ, ಪ್ರೊಡಕ್ಷನ್ ಎಲ್ಲ ಕಡೆಯಿಂದ ಒಬ್ಬೊಬ್ಬರು. ನಾನು ಲೆಕ್ಕಕ್ಕೆ ಮಾತ್ರ ಅಂದುಕೊಂಡು ಕೊನೆಯ ಕುರ್ಚಿಯಲ್ಲಿ ಕೂತಿದ್ದೆ. ಮೇಡಂ ನನ್ನ ಕಡೆ ತಿರುಗಿ ನಕ್ಕರು. ಜೇಬು ಮುಟ್ಟಿಕೊಂಡೆ.

ಪಾರ್ಟಿ ಅಂದರೆ ಬಾಡೂಟವೇ ಅಂತ ಮೊದಲ ಮೀಟಿಂಗಿನಲ್ಲೇ ಸರ್ವಾನುಮತ. ಹೊಸಕೋಟೆಯಿಂದ ಬಿರಿಯಾನಿ ತರಿಸುವುದು ಅಂತಲೂ ಆಯಿತು. ಹೊಸಕೋಟೆಯಲ್ಲಿ ಬೆಳಗಿನ ಜಾವವೇ ಬಿರಿಯಾನಿ ದಮ್ಮು ಒಡೆಯುತ್ತದೆ, ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದು ಕತ್ತಲಲ್ಲೇ ಕ್ಯೂ ನಿಲ್ಲುತ್ತಾರೆ. ಬೆಳಿಗ್ಗೆ ಆರಕ್ಕೆ ಬಿಡುವ ನಮ್ಮ ನೈಟ್ ಶಿಫ್ಟಿನವರಿಗೆ ಈ ಸಮಯ ಹೇಳಿ ಮಾಡಿಸಿದ್ದು. ಉಳಿದದ್ದು ದಿನ ಗೊತ್ತು ಮಾಡುವ ಕೆಲಸ. ಅದೊಂದು ಸಣ್ಣ ಕೆಲಸ ಅಂದುಕೊಂಡಿದ್ದೆವು.

ಜೂನ್ ಕೊನೆಗೆ ಆಷಾಢ ಹಿಡಿದಿತ್ತು. “ಆಷಾಢದಲ್ಲಿ ಹೊಸದೇನೂ ಬೇಡ ಸಾರ್” ಅಂದರು ಸ್ಟೋರ್ಸಿನವರು. ಇದೇನು ಗೃಹಪ್ರವೇಶವೇ ಅಂದೆ. “ಫಲಕ ಗೋಡೆಗೆ ಏರಲ್ವಾ, ಅದೂ ಪ್ರವೇಶಾನೇ” ಅಂದರು. ಆಷಾಢ ಮುಗಿಯುವ ಹೊತ್ತಿಗೆ ಶ್ರಾವಣ. ಅರ್ಧ ಕಾರ್ಖಾನೆ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಶ್ರಾವಣ ಕಳೆದು ಗೌರಿ ಗಣೇಶ ಬಂತು, ಎಲ್ಲರ ಜೇಬೂ ಬೀದಿ ಬೀದಿಯ ಗಣಪತಿ ಚಂದಾಕ್ಕೆ ಖಾಲಿ. ಗಣಪತಿ ನೀರಿಗಿಳಿದ ಮೇಲೆ ಪಿತೃಪಕ್ಷ. ಹಿರಿಯರಿಗೆ ಎಡೆ ಇಡುವ ಹೊತ್ತಿನಲ್ಲಿ ಕೇಕ್ ಕತ್ತರಿಸಲು ಯಾರಿಗೂ ಮನಸ್ಸಿಲ್ಲ. ತಿಂಗಳುಗಳ ಕತೆ ಇದಾದರೆ ವಾರಗಳದು ಇನ್ನೊಂದು. ಸೋಮವಾರ ಈಶ್ವರನದು. ಗುರುವಾರ ರಾಯರು ಮತ್ತು ಸಾಯಿಬಾಬಾ ಹಂಚಿಕೊಂಡಿದ್ದಾರೆ. ಶುಕ್ರವಾರ ಲಕ್ಷ್ಮಿಯದು, ಅಲ್ಲದೆ ಮಧ್ಯಾಹ್ನದ ನಮಾಜಿಗೆ ಹೋಗುವವರೂ ಇದ್ದಾರೆ. ಶನಿವಾರ ಆಂಜನೇಯ, ವೆಂಕಟರಮಣ. ಪಕ್ಕದ ಮಾಲೂರು ತಾಲ್ಲೂಕಿನಲ್ಲೇ ಚಿಕ್ಕತಿರುಪತಿ ಇಟ್ಟುಕೊಂಡು ಶನಿವಾರ ಬಾಡು ತಿನ್ನುವ ಧೈರ್ಯ ನಮ್ಮ ಕಡೆಯವರಿಗಿಲ್ಲ. ಭಾನುವಾರ ರಜೆ. “ರಜಾ ದಿನ ಬಸ್ ಹತ್ತಿ ಬಂದು ಮ್ಯಾನೇಜರ್ ಮುಖ ನೋಡೋಕೆ ನಮಗೇನು ಹುಚ್ಚಾ” ಅಂತ ಒಬ್ಬ ಆಪರೇಟರ್ ವಾಟ್ಸ್ಯಾಪ್ ಗ್ರೂಪಿಗೆ ಹಾಕಿ, ಅದೇ ಗ್ರೂಪಿನಲ್ಲಿ ಮ್ಯಾನೇಜರ್ ಇರುವುದು ನೆನಪಾಗಿ, ಅಳಿಸಿದ. ಬುಧವಾರ ಗ್ರಾಹಕರ ಜೊತೆ ಪರಿಶೀಲನಾ ಸಭೆ. ಉಳಿದದ್ದು ಮಂಗಳವಾರ.

ಹೀಗೆ ಜೂನಿನ ಪಾರ್ಟಿ ಉರುಳಿ ಉರುಳಿ ಸೆಪ್ಟೆಂಬರ್ 30ರ ಮಂಗಳವಾರಕ್ಕೆ ಬಂದು ನಿಂತಿತು. ಅಷ್ಟರಲ್ಲಿ ಅದು ಪಾರ್ಟಿಯಾಗಿ ಉಳಿದಿರಲಿಲ್ಲ, ಆಯುಧಪೂಜೆ ಆಗಿತ್ತು. ಮಹಾನವಮಿ ಅಕ್ಟೋಬರ್ 1ಕ್ಕೆ, ವಿಜಯದಶಮಿ 2ಕ್ಕೆ. ಎರಡೂ ರಜೆಯಾದ್ದರಿಂದ ಎಲ್ಲ ಕಾರ್ಖಾನೆಗಳಂತೆ ನಾವೂ ಹಿಂದಿನ ದಿನವೇ ಪೂಜೆ ಮುಗಿಸಬೇಕು. ಬಿರಿಯಾನಿ ತಾನಾಗಿಯೇ ಬಿದ್ದುಹೋಯಿತು. ವಿಜಯದಶಮಿಯಂದು ತೀರಿಸಿಕೊಳ್ಳೋಣ ಅಂದರೆ ಅಂದೇ ಗಾಂಧಿ ಜಯಂತಿ.

ನಿಜ ಹೇಳಬೇಕೆಂದರೆ ನಮ್ಮ ಆಫೀಸುಗಳಿಗೆ ಒಗ್ಗುವ ಪಾರ್ಟಿ ಆಯುಧಪೂಜೆಯೊಂದೇ ಅನ್ನುವುದು ನನ್ನ ಖಾಸಾ ಅಭಿಪ್ರಾಯ. ಬೇರೆ ಪಾರ್ಟಿಗಳಲ್ಲಿ ಏನು ಮಾಡಬೇಕು ಅಂತ ತಿಳಿಯದೆ ಎಲ್ಲರೂ ಗೋಡೆಗೆ ಅಂಟಿಕೊಂಡು ನಿಲ್ಲುತ್ತಾರೆ. ಇಲ್ಲಿ ಪ್ರತಿಯೊಬ್ಬನಿಗೂ ಕೆಲಸವಿದೆ: ಒರೆಸುವುದು, ತೋರಣ ಕಟ್ಟುವುದು, ಹೂ ಸುತ್ತುವುದು, ಇನ್ನೊಬ್ಬನು ಸುತ್ತಿದ್ದು ಸರಿಯಿಲ್ಲ ಅನ್ನುವುದು. ನಮ್ಮ ಶಾಪ್ ಫ್ಲೋರಿನ ಗೋಡೆಯ ಮೇಲೆ ಜಪಾನಿನ ಫೈವ್ ಎಸ್ ಬೋರ್ಡು ಇದೆ. ಸೇರಿ, ಸೇಟನ್, ಸೇಸೋ ಅಂತ ಶುರುವಾಗುತ್ತದೆ. ಬೇಡದ್ದು ತೆಗೆ, ಬೇಕಾದ್ದು ಜೋಡಿಸು, ಒರೆಸು ಅಂತ ಅರ್ಥ. ವರ್ಷವಿಡೀ ಆಡಿಟ್ ಮಾಡಿ, ಅಂಕ ಕೊಟ್ಟು, ಬೈದು ಹೇಳಿದರೂ ಆಗದ ಸೇಸೋ ಆಯುಧಪೂಜೆಯ ಹಿಂದಿನ ದಿನ ಯಾರೂ ಹೇಳದೆ ಆಗಿಬಿಡುತ್ತದೆ. ಮೂರು ವರ್ಷದ ಹಿಂದೆ ಕಳೆದುಹೋಗಿದೆ ಅಂತ ನಾನು ಲೆಕ್ಕದಿಂದ ತೆಗೆದುಹಾಕಿದ್ದ ವರ್ನಿಯರ್ ಕ್ಯಾಲಿಪರ್ ಒಂದು ಈ ಸಲ ಪ್ರೆಸ್ಸಿನ ಕೆಳಗೆ ಸಿಕ್ಕಿತು. ತೊಳೆದು, ಕುಂಕುಮ ಇಟ್ಟು, ನನ್ನ ಮೇಜಿಗೆ ತಂದುಕೊಟ್ಟರು. ಅದನ್ನು ಮತ್ತೆ ಲೆಕ್ಕಕ್ಕೆ ಹೇಗೆ ತೆಗೆದುಕೊಳ್ಳುವುದೋ ಇನ್ನೂ ತಿಳಿದಿಲ್ಲ.

ಮತ್ತೆ ನಮ್ಮ ಯಂತ್ರಗಳಿಗೆ ವರ್ಷಕ್ಕೆ ಎರಡು ಪೂಜೆ. ಸೆಪ್ಟೆಂಬರ್ 17ಕ್ಕೆ ಬಿಹಾರ, ಒಡಿಶಾ, ಬಂಗಾಳದ ಹುಡುಗರು ವಿಶ್ವಕರ್ಮ ಪೂಜೆ ಮಾಡುತ್ತಾರೆ. ಹದಿಮೂರು ದಿನ ಬಿಟ್ಟು ನಾವು ಮಾಡಿದೆವು. ಮೇಂಟೆನೆನ್ಸಿನವರ ಪ್ರಕಾರ ಆ ಹದಿಮೂರು ದಿನ ಯಂತ್ರಗಳು ಚೆನ್ನಾಗಿ ಓಡಿದವು.

ಈಗ ಲೆಕ್ಕ. ಕಂಪನಿ ತಲೆಗೆ ನೂರೈವತ್ತರಂತೆ 214 ಜನಕ್ಕೆ 32,100 ರೂಪಾಯಿ ಮಂಜೂರು ಮಾಡಿತು. ಇದರಲ್ಲಿ ಊಟ, ಹೂವು, ಪುರೋಹಿತರು, ಸ್ವೀಟ್ ಬಾಕ್ಸು ಎಲ್ಲ ಆಗಬೇಕು. ಆಗುವುದಿಲ್ಲ ಅಂತ ಮಂಜೂರು ಮಾಡಿದವರಿಗೂ ಗೊತ್ತು. ಸ್ಟಾಫಿನ 46 ಜನರಿಂದ ನೂರು ನೂರು ಚಂದಾ ಎತ್ತುವುದು ಅಂತಾಯಿತು. ಯಾರು ಎತ್ತಬೇಕು ಅನ್ನುವುದನ್ನು ನಾನು ಹೇಳಬೇಕಿಲ್ಲ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನ ಹುಂಡಿ ಅಂತ ಒಂದಿದೆ, ನೆಲದೊಳಕ್ಕೆ ಕೊರೆದದ್ದು. ಹಾಕಿದ ಕಾಣಿಕೆಯನ್ನು ತಲೆತಲಾಂತರದಿಂದ ಯಾರೂ ತೆಗೆದಿಲ್ಲ ಅಂತ ಪ್ರತೀತಿ. ನಮ್ಮ ಸ್ಟಾಫಿನ ಜೇಬುಗಳೂ ಆ ಜಾತಿಯವೇ, ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. “ಫೋನ್‌ಪೇ ಮಾಡ್ತೀನಿ ಸಾರ್” ಅಂದ ಹನ್ನೆರಡು ಜನರ ಹೆಸರು ಇಂದಿಗೂ ನನ್ನ ಡೈರಿಯಲ್ಲಿದೆ.

ಇನ್ನು ತೆರಿಗೆ. ಸೆಪ್ಟೆಂಬರ್ 22ರಿಂದ ಪ್ಯಾಕೆಟ್ ಖಾರಾ, ಮಿಕ್ಸ್ಚರುಗಳ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿತ್ತು. ಪಾರ್ಟಿ ಮುಂದೆ ಮುಂದೆ ಹೋದದ್ದಕ್ಕೆ ಖಾರಾ ಅಷ್ಟರಮಟ್ಟಿಗೆ ಅಗ್ಗವಾಯಿತು ಅಂತ ಮೀಟಿಂಗಿನಲ್ಲಿ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ಲಾಂಟ್ ಹೆಡ್ ಮಾತ್ರ ಊಟದ ಬಿಲ್ಲಿನ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದಾ ಅಂತ ಕೇಳಿದರು. ಕಾಯ್ದೆಯ 17(5)ನೇ ಕಲಮಿನಲ್ಲಿ ಊಟ, ಉಡುಗೊರೆ ಎರಡಕ್ಕೂ ಬಾಗಿಲು ಹಾಕಿದ್ದಾರೆ ಸಾರ್ ಅಂದೆ. ಬ್ರೇಕ್ ಕೇಬಲ್ಲಿಗೆ ಕೊಂಡ ತಂತಿಗೆ ತೆರಿಗೆ ವಾಪಸ್ ಬರುತ್ತದೆ, ಅದನ್ನು ಮಾಡಿದವನಿಗೆ ಕೊಟ್ಟ ಬಾದೂಷಕ್ಕೆ ಬರುವುದಿಲ್ಲ. ಆಪರೇಟರುಗಳಿಗಾದರೋ ಬಾದೂಷದ ಚಿಂತೆಯೇ ಇಲ್ಲ, ಅವರ ಕಣ್ಣು ಬೋನಸ್ಸಿನ ಮೇಲೆ. ಆಗ ಜಾರಿಯಲ್ಲಿದ್ದ 1965ರ ಕಾಯ್ದೆಯ ಕನಿಷ್ಠ ಶೇಕಡ 8.33 ಅಂದರೆ ಹನ್ನೆರಡರಲ್ಲಿ ಒಂದು ಭಾಗ, ವರ್ಷಕ್ಕೆ ಒಂದು ತಿಂಗಳ ಸಂಬಳದಷ್ಟು, ಅಂತ ನಮ್ಮ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವ ಹುಡುಗನಿಗೂ ಬಾಯಿಪಾಠ.

ಅಡುಗೆಯವರನ್ನು ಗೊತ್ತು ಮಾಡಿದ್ದು ಬೇಗ ಮುಗಿಯಿತು. ಬಿಸಿಬೇಳೆಬಾತು, ಮೊಸರನ್ನ, ಬಾದೂಷ, ಬೋಂಡ. ನವರಾತ್ರಿ ವ್ರತದ ಉತ್ತರಪ್ರದೇಶದ ಸೂಪರ್‌ವೈಸರಿಗೆ ಬಾಳೆಹಣ್ಣು. ಬಂಗಾಳದವರು ದುರ್ಗಾಪೂಜೆಯಲ್ಲಿ ಮೀನು ಮಾಂಸ ಬಿಡುವವರಲ್ಲ, ಅವರೇನಾದರೂ ಗಲಾಟೆ ಮಾಡುತ್ತಾರೋ ಅಂದುಕೊಂಡಿದ್ದೆ. “ಅಷ್ಟಮಿ ದಿನ ನಮ್ಮನೇಲೂ ತಿನ್ನಲ್ಲ ಸಾರ್” ಅಂದರು. ತೊಂದರೆ ಬಂದದ್ದು ಎಲ್ಲಕ್ಕಿಂತ ಬಡಪಾಯಿ ಪದಾರ್ಥದಿಂದ: ಪುರಿ.

ಆಯುಧಪೂಜೆ ಅಂದಮೇಲೆ ಪುರಿ ಹಂಚಲೇಬೇಕು. ನಾನು ‘ಕಡ್ಲೆಪುರಿ, ಒಂದು ಮೂಟೆ’ ಅಂತ ಇಂಡೆಂಟ್ ಹಾಕಿದೆ. ದಾವಣಗೆರೆ ಕಡೆಯ ಸ್ಟೋರ್ಸಿನವರು ನನಗೆ ಗೊತ್ತಿಲ್ಲದಂತೆ ‘ಮಂಡಕ್ಕಿ, ಒಂದು ಮೂಟೆ’ ಅಂತ ಹಾಕಿದ್ದರು. ಮುಳಬಾಗಿಲಿನ ಲೈನ್ ಸೂಪರ್‌ವೈಸರ್, ಮನೆಮಾತು ತೆಲುಗು, ‘ಬೊರುಗುಲು, ಒಂದು ಮೂಟೆ’ ಅಂತ ಬರೆದಿದ್ದ. ಮೂರಕ್ಕೂ ಕಂಪ್ಯೂಟರಿನಲ್ಲಿ ಬೇರೆ ಬೇರೆ ಐಟಂ ಕೋಡ್ ಬಿತ್ತು. ಇಂಡೆಂಟು, ಆರ್ಡರು ಎರಡನ್ನೂ ತಾಳೆ ನೋಡಿ ಪಾಸು ಮಾಡುವ ಕೆಲಸ ನನ್ನದು. ನೋಡಿದೆ. ಎಲ್ಲ ತಾಳೆಯಾಗಿತ್ತು. ಪಾಸು ಮಾಡಿದೆ. ಸೋಮವಾರ ಮಧ್ಯಾಹ್ನ ಗೇಟಿಗೆ ಮೂರು ಮೂಟೆ ಬಂದು ನಿಂತಾಗ ಸೆಕ್ಯೂರಿಟಿಯವನು ಫೋನ್ ಮಾಡಿ “ಸಾರ್, ಪುರಿ ಅಂಗಡಿ ಇಡ್ತೀರಾ?” ಅಂದ. ಪುರಿ ತೂಕದಲ್ಲಿ ಹಗುರ, ಜಾಗದಲ್ಲಿ ಆನೆ. ಒಂದೊಂದು ಮೂಟೆಯೂ ಕುಳಿತ ಮನುಷ್ಯನಷ್ಟಿತ್ತು. ಸ್ಟೋರ್ಸಿನಲ್ಲಿ ಜಾಗವಿಲ್ಲ ಅಂತ ಮೂರನ್ನೂ ನನ್ನ ಕೋಣೆಗೆ ತಂದಿಟ್ಟರು. ಅವುಗಳ ಸುತ್ತ ಜನ ಸೇರಿ ಪುರಿಗೆ ತಮ್ಮ ತಮ್ಮ ಊರಿನಲ್ಲಿ ಏನನ್ನುತ್ತಾರೆ ಅಂತ ಹೇಳತೊಡಗಿದರು. ಚೆನ್ನೈಯವರು ಪೊರಿ ಅಂದರು, ಕೇರಳದವರೂ ಪೊರಿಯೇ ಅಂದರು, ಉತ್ತರದವರು ಮುರ್ಮುರಾ ಅಂದರು. ಕ್ರಿಂಪಿಂಗ್ ಲೈನಿನ ಒಬ್ಬ ಹುಡುಗ ಮಾತ್ರ ಏನೂ ಹೇಳದೆ ಮೂಟೆಯ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು, ಮೂಸಿ ನೋಡಿ, “ಮುಢಿ” ಅಂದ. ಹಳೆಯ ಸ್ನೇಹಿತನನ್ನು ಬಸ್ ಸ್ಟ್ಯಾಂಡಿನಲ್ಲಿ ಕಂಡವನ ಹಾಗೆ.

ಅವನ ಊರು ಒಡಿಶಾದ ಮಯೂರಭಂಜ ಜಿಲ್ಲೆಯ ಬಾರಿಪದ. ಬಂದ ಹೊಸತರಲ್ಲಿ ಎಲ್ಲಿಯವನು ಅಂತ ಯಾರು ಕೇಳಿದರೂ ಬಾರಿಪದ ಅನ್ನುತ್ತಿದ್ದನಾದ್ದರಿಂದ ಅದೇ ಅವನ ಹೆಸರಾಯಿತು. ಬಾರಿಪದದಲ್ಲಿ ಪುರಿಗೆ ಮಟನ್ ಸಾರು ಹಾಕಿಕೊಂಡು ತಿನ್ನುತ್ತಾರಂತೆ. ಮುಢಿ ಮಾಂಸ ಅಂತ ಊರಿಗೇ ಹೆಸರುವಾಸಿಯಾದ ತಿಂಡಿ. ಪುರಿಯ ಮೇಲೆ ಮಟನ್ ಸಾರು! ನಮ್ಮ ಸ್ಟೋರ್ಸಿನವರು ಕಿವಿ ಮುಚ್ಚಿಕೊಂಡರು. ಆದರೆ ಮಂಡಕ್ಕಿಗೆ ಮೆಣಸಿನಕಾಯಿ ಬಜ್ಜಿ ಕಚ್ಚಿಕೊಂಡು ತಿನ್ನುವವರು ಇನ್ನೊಬ್ಬರ ರುಚಿಯ ಬಗ್ಗೆ ಮಾತಾಡಬಾರದು.

ಸಮಯದ ಲೆಕ್ಕ ಹೀಗಿತ್ತು. ಬೆಳಗಿನ ಶಿಫ್ಟು ಮಧ್ಯಾಹ್ನ ಎರಡಕ್ಕೆ ಬಿಡುತ್ತದೆ, ಎರಡನೆಯದು ಆಗಲೇ ಬರುತ್ತದೆ. ಎರಡೂ ಶಿಫ್ಟು ಒಟ್ಟಿಗೆ ಸಿಗುವುದು ಆಗ ಮಾತ್ರ. ಮಂಗಳವಾರ ರಾಹುಕಾಲ ಮೂರರಿಂದ ನಾಲ್ಕೂವರೆ. ಎರಡಕ್ಕೂ ಮೂರಕ್ಕೂ ನಡುವೆ ಪೂಜೆ ಆಗಬೇಕು. ಅದೇ ಹೊತ್ತಿನಲ್ಲಿ ಇಡೀ ಕೈಗಾರಿಕಾ ಪ್ರದೇಶದ ಎಲ್ಲ ಕಾರ್ಖಾನೆಗಳಿಗೂ ಪುರೋಹಿತರು ಬೇಕು.

ಎಚ್‌ಆರ್ ಮೇಡಂ ಎಲ್ಲರೂ ಪಂಚೆ, ಸೀರೆಯಲ್ಲಿ ಬರಬೇಕು ಅಂದಾಗ ಸೇಫ್ಟಿ ಆಫೀಸರು ಎದ್ದು ನಿಂತರು. ಅವರು ಎದ್ದು ನಿಂತರೆ ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯೇ ಎದ್ದು ನಿಂತ ಹಾಗೆ. 22ನೇ ಕಲಮಿನ ಪ್ರಕಾರ ಓಡುವ ಯಂತ್ರದ ಹತ್ತಿರ ಬಿಗಿಯುಡುಪೇ ಬೇಕಿತ್ತು, ಪಂಚೆ ಬಿಗಿಯುಡುಪಲ್ಲ. ಅರ್ಧ ಗಂಟೆ ಚರ್ಚೆಯಾಗಿ, ಯಂತ್ರ ನಿಲ್ಲಿಸಿದ ಮೇಲೆ ಪಂಚೆ ಉಡಬಹುದು, ಕಾಲಿಗೆ ಮಾತ್ರ ಸೇಫ್ಟಿ ಶೂ ಇರಲೇಬೇಕು ಅಂತ ರಾಜಿಯಾಯಿತು. ಬಿಳಿ ಪಂಚೆಯ ಕೆಳಗೆ ಉಕ್ಕಿನ ಮೂತಿಯ ಕರಿ ಬೂಟು ಹಾಕಿಕೊಂಡ ನಲವತ್ತು ಜನ ಸಾಲಾಗಿ ನಿಂತ ಫೋಟೊ ಈಗಲೂ ನೋಟಿಸ್ ಬೋರ್ಡಿನಲ್ಲಿದೆ. ಯಾವುದೋ ದೇಶದ ಸೈನ್ಯದ ಹಾಗೆ ಕಾಣುತ್ತದೆ.

ಸೇಫ್ಟಿ ಆಫೀಸರ ಎರಡನೆಯ ತಕರಾರು ಬೂದುಗುಂಬಳದ ಮೇಲೆ. ಗೇಟಿನ ಮುಂದೆ ಕುಂಬಳ ಒಡೆದರೆ ನೆಲ ಜಾರುತ್ತದೆ, ಬೈಕಿನವರು ಬೀಳುತ್ತಾರೆ. ಇದಕ್ಕೆ ಯಾರೂ ಎದುರಾಡುವಂತಿರಲಿಲ್ಲ. ಆಯುಧಪೂಜೆಯ ಮಾರನೆಯ ದಿನ ಒಡೆದ ಕುಂಬಳದ ಮೇಲೆ ಜಾರಿ ಮೊಣಕೈ ತರಚಿಕೊಂಡವರು ಕಮಿಟಿಯಲ್ಲೇ ಇಬ್ಬರಿದ್ದೆವು. ಕೊನೆಗೆ ಕುಂಬಳವನ್ನು ನೀಲಿ ಪ್ಲಾಸ್ಟಿಕ್ ಟ್ರೇ ಒಳಗೆ ಒಡೆಯುವುದು, ಟ್ರೇ ಪಕ್ಕದಲ್ಲಿ ‘ನೆಲ ಜಾರುತ್ತದೆ, ಎಚ್ಚರಿಕೆ’ ಅನ್ನುವ ಹಳದಿ ಬೋರ್ಡು ಇಡುವುದು ಅಂತಾಯಿತು. ದೃಷ್ಟಿಗೂ ಬೋರ್ಡು ಓದಲು ಬರುತ್ತದೋ ಏನೋ.

ತೋರಣದ ಜವಾಬ್ದಾರಿ ನನ್ನದು. “ನಿಮ್ಮ ಕಡೆ ಮಾವಿನಸೊಪ್ಪು ಬಿಟ್ಟಿ ಸಿಗುತ್ತೆ, ಅದಕ್ಕೂ ಬಿಲ್ ಹಾಕ್ಬೇಡಿ” ಅಂದಿದ್ದರು ಮೇಡಂ. ನಿಜವೇ. ಶ್ರೀನಿವಾಸಪುರದ ಮಾವು ದೇಶವೆಲ್ಲ ಹೋಗುವಾಗ ಕೋಲಾರ ಜಿಲ್ಲೆಯವನು ಮಾವಿನಸೊಪ್ಪನ್ನು ದುಡ್ಡು ಕೊಟ್ಟು ಕೊಂಡರೆ ನಾಚಿಕೆಗೇಡು. ನಮ್ಮ ಚಿಕ್ಕಪ್ಪನದೇ ತೋಪಿದೆ, ಸಂಜೆ ಹೋಗಿ ಕಿತ್ತುಕೊಂಡು ಬರುತ್ತೇನೆ ಅಂದೆ. ಸೋಮವಾರ ಸಂಜೆ ಆರಕ್ಕೆ ಬೈಕ್ ಓಡಿಸುವುದಕ್ಕೆ ಸಿಕ್ಕವನು ಬಾರಿಪದ. ಅವನ ಹಿಂದೆ ಕೂತು ಹುಟ್ಟೂರಿಗೆ ಹೋದೆ. ತೋಪು ಇದ್ದ ಕಡೆ ನೀಲಿ ಶೀಟಿನ ಗೋದಾಮು, ಮುಂದೆ ಆರು ಲಾರಿ. ಚಿಕ್ಕಪ್ಪ ಜಾಗ ಕೊಟ್ಟದ್ದು ಗೊತ್ತಿತ್ತು, ಮದುವೆಯೊಂದರಲ್ಲಿ ಹೇಳಿದ್ದರು. ಆದರೆ ಜಾಗ ಕೊಟ್ಟರೆ ಮರಗಳೂ ಹೋಗುತ್ತವೆ ಅಂತ ಯಾಕೋ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಗೋದಾಮಿನ ಕಾವಲುಗಾರ ಹಿಂದಿಯಲ್ಲಿ ಯಾರು ಬೇಕು ಅಂತ ಕೇಳಿದ. ಯಾರೂ ಬೇಡ ಅಂದೆ.

ಕತ್ತಲಾಗುತ್ತಿತ್ತು. ಇಬ್ಬರೂ ಸುಮ್ಮನೆ ನಿಂತಿದ್ದೆವು. ಆಮೇಲೆ ಬಾರಿಪದ ಮೆಲ್ಲಗೆ, “ಸಾರ್, ಎಷ್ಟು ಬೇಕು ಸೊಪ್ಪು? ಬಾಳೆಕಂದೂ ಬೇಕಾ?” ಅಂದ. ಗಾಡಿ ತಿರುಗಿಸಿ, ಕೆರೆ ಏರಿ ಹತ್ತಿ, ನಾನು ಹುಟ್ಟಿದಾಗಿಂದ ಕಂಡಿರದ ಒಂದು ಕಾಲುದಾರಿಗೆ ಇಳಿಸಿ, ತೋಟವೊಂದರ ಬೇಲಿ ಹತ್ತಿರ ನಿಲ್ಲಿಸಿದ. “ಅಕ್ಕಾ” ಅಂತ ಕೂಗಿದ. ಟಾರ್ಚು ಹಿಡಿದು ಅಜ್ಜಿಯೊಬ್ಬರು ಬಂದರು. ಭಾನುವಾರ ಇವನು ಅವರ ಹತ್ತಿರ ಸೊಪ್ಪು, ಬದನೆಕಾಯಿ ಕೊಳ್ಳುತ್ತಾನಂತೆ. ಆಮೇಲೆ ಇಬ್ಬರೂ ಮಾತಿಗೆ ನಿಂತರು. ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವ, ನಡುವೆ ಎಲ್ಲಿ ದಾಟಿತು ಅಂತ ಹೇಳಲಾಗದ ನಮ್ಮ ಕೋಲಾರದ ಮಾತು. ನಾನು ಆಫೀಸಿನಲ್ಲಿ ಮುಚ್ಚಿಟ್ಟುಕೊಂಡು ಮುಚ್ಚಿಟ್ಟುಕೊಂಡು ಈಗ ಮನೆಯಲ್ಲೂ ತಪ್ಪಿಹೋಗಿರುವ ಮಾತು. ಅಜ್ಜಿ ಟಾರ್ಚನ್ನು ನನ್ನ ಮುಖಕ್ಕೆ ಬಿಟ್ಟು, ಕೊರಳಿನ ಐಡಿ ಕಾರ್ಡಿಗೆ ಬಿಟ್ಟು, ಅವನನ್ನೇ ಕೇಳಿದರು:

“ಎವರಪ್ಪಾ ಈ ಸಾರು? ಬೆಂಗಳೂರಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಬಾರಿಪದ, “ಲೇದಕ್ಕಾ, ಸಾರ್ ಲೋಕಲ್” ಅಂದ. ಅಜ್ಜಿ ನಂಬಿದಂತೆ ಕಾಣಲಿಲ್ಲ.

ಎರಡು ಬಾಳೆಕಂದು, ಒಂದು ಹೊರೆ ಮಾವಿನಸೊಪ್ಪು, ಕೇಳದೆ ಕೊಟ್ಟ ಒಂದು ಬೂದುಗುಂಬಳ. ದುಡ್ಡು ಕೊಡಲು ಹೋದರೆ ಪೂಜೆಗೆ ದುಡ್ಡು ತಗೊಳ್ಳಲ್ಲ ಅಂದರು. ಮೇಡಂ ಹೇಳಿದ ಹಾಗೆಯೇ ಬಿಲ್ ಇಲ್ಲ. ವಾಪಸ್ ಬರುವಾಗ ನಾನು ಹಿಂದೆ ಕೂತು ಎರಡು ಕಂಕುಳಲ್ಲೂ ಒಂದೊಂದು ಬಾಳೆಕಂದು ಒತ್ತಿಹಿಡಿದಿದ್ದೆ. ಎಲೆಗಳು ಎರಡು ಕಡೆಗೂ ರೆಕ್ಕೆಯ ಹಾಗೆ ಬಿಚ್ಚಿಕೊಂಡು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ತೊಡೆಯ ಮೇಲೆ ಕುಂಬಳ. ಅದರ ಬೂದಿ ಪ್ಯಾಂಟಿಗೆಲ್ಲ. ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ನಮ್ಮದೇ ಕಂಪನಿ ಬಸ್ಸು ಹಿಂದಿನಿಂದ ಬಂದು, ನಿಧಾನ ಮಾಡಿ, ಕಿಟಕಿಗಳಿಂದ ಏಳೆಂಟು ಮೊಬೈಲು ಹೊರಗೆ ಬಂದವು. ಆ ರಾತ್ರಿ ಕಮಿಟಿಯ ಗ್ರೂಪಿಗೆ ಬಂದ ಸಂದೇಶಗಳಲ್ಲಿ ಪೂಜೆಗೆ ಸಂಬಂಧಪಟ್ಟದ್ದು ಒಂದೂ ಇರಲಿಲ್ಲ.

ಪೂಜೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲ ಕಡೆ ಆಗುವ ಹಾಗೆ ಆಯಿತು. ಪುರೋಹಿತರು ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಸ್ಕೂಟರಿನಲ್ಲಿ ಬಂದರು, ಅವರಿಗೆ ಅದು ಅಂದಿನ ಐದನೆಯ ಕಾರ್ಖಾನೆ. ಸಂಕಲ್ಪಕ್ಕೆ ಗೋತ್ರ ಯಾವುದು ಅಂದರು. ಪ್ಲಾಂಟ್ ಹೆಡ್ ನನ್ನ ಮುಖ ನೋಡಿದರು. ಕಂಪನಿ ನೋಂದಣಿಯಾದ ತಾರೀಖು ಬೇಕಾದರೆ ಹೇಳುತ್ತೇನೆ ಅಂದೆ. “ನಕ್ಷತ್ರ ಆಮೇಲೆ ನೋಡೋಣ” ಅಂದ ಪುರೋಹಿತರು ಕಾಶ್ಯಪ ಗೋತ್ರಕ್ಕೆ ಸೇರಿಸಿ, “ಪ್ರೈವೇಟ್ ಲಿಮಿಟೆಡ್ ನಾಮಧೇಯಸ್ಯ, ಸಹಕುಟುಂಬಸ್ಯ” ಅಂತ ಒಂದೇ ಉಸಿರಿನಲ್ಲಿ ಮುಗಿಸಿದರು. 214 ಜನರ ಕುಟುಂಬ ಕೈ ಮುಗಿಯಿತು. ಆಮೇಲೆ ಯಂತ್ರಗಳಿಗೆ ಕುಂಕುಮ ಇಡುವ ಕೆಲಸ. ಸೆನ್ಸರಿನ ಮೇಲೆ ಬೇಡ, ಸ್ಕ್ಯಾನರಿನ ಗಾಜಿನ ಮೇಲೆ ಬೇಡ ಅಂತ ಮೇಂಟೆನೆನ್ಸಿನವರು ಮೊದಲೇ ಚೀಟಿ ಅಂಟಿಸಿದ್ದರು. ಹೆಚ್ಚಿನ ಯಂತ್ರಗಳನ್ನು ನಿಲ್ಲಿಸಿದ್ದೆವು. ತುರ್ತು ಆರ್ಡರಿನ ಒಂದು ಲೈನು ಮಾತ್ರ ಓಡುತ್ತಿತ್ತು. ಆ ಲೈನಿಗೆ ಕುಂಕುಮ ಇಟ್ಟ ಪ್ಲಾಂಟ್ ಹೆಡ್ ಮುಂಭಾಗದ ಹಳದಿ ಪೆಟ್ಟಿಗೆಯ ನಟ್ಟನಡುವೆ ಕಂಡ ದುಂಡನೆಯ ಕೆಂಪು ಗುಂಡಿಯ ಮೇಲೆ ಭಕ್ತಿಯಿಂದ ಹೆಬ್ಬೆರಳು ಒತ್ತಿದರು. ಅದು ಎಮರ್ಜೆನ್ಸಿ ಸ್ಟಾಪು. ಲೈನು ನಿಂತಿತು. ಅವರನ್ನು ದೂರಲಾಗದು. ಅಣಬೆಯ ಹಾಗೆ ಉಬ್ಬಿ ಹಣೆಯ ಹಾಗೆ ಎದುರಿಗೆ ಬರುವ ಆ ಗುಂಡಿ ಕಂಡರೆ ಯಾರಿಗಾದರೂ ಅಲ್ಲೇ ಬೊಟ್ಟಿಡೋಣ ಅನ್ನಿಸುತ್ತದೆ. ಕುಂಬಳ ಟ್ರೇಯೊಳಗೆ ಸರಿಯಾಗಿಯೇ ಒಡೆಯಿತು. ಹಳದಿ ಬೋರ್ಡಿಗೆ ಎಡವಿ ಕ್ವಾಲಿಟಿಯವರೊಬ್ಬರು ಮುಗ್ಗರಿಸಿದರು. ಮೂರಕ್ಕೆ ಐದು ನಿಮಿಷ ಇರುವಾಗ ಮಂಗಳಾರತಿ. ಫಲಕಕ್ಕೂ ಒಂದು ಮೊಳ ಸೇವಂತಿಗೆ ಸುತ್ತಿ ಗೋಡೆಗೆ ಹಾಕಿದೆವು, ಯಾವುದಕ್ಕಾಗಿ ಇದೆಲ್ಲ ಶುರುವಾಯಿತು ಅಂತ ಆಗ ನೆನಪಾಯಿತು.

ಸಂಜೆ ಉಳಿದದ್ದು ಎರಡು ಮೂಟೆ ಪುರಿ. ಒಂದನ್ನು ನೈಟ್ ಶಿಫ್ಟಿನವರಿಗೆ ಬಿಟ್ಟೆವು. ಇನ್ನೊಂದರ ಮುಂದೆ ಬಾರಿಪದ ನಿಂತಿದ್ದ.

“ತಗೊಂಡು ಹೋಗಪ್ಪ,” ಅಂದೆ.

ಬೈಕಿನ ಹಿಂದಿನ ಸೀಟಿಗೆ ಮೂಟೆಯನ್ನು ನೆಟ್ಟಗೆ ಕೂರಿಸಿ, ಹಗ್ಗದಲ್ಲಿ ತನ್ನ ಸೊಂಟಕ್ಕೂ ಅದಕ್ಕೂ ಸೇರಿಸಿ ಕಟ್ಟಿಕೊಂಡ. ನಿನ್ನೆ ನಾನು ಕೂತಿದ್ದ ಜಾಗದಲ್ಲಿ ಈಗ ನನಗಿಂತ ಸ್ವಲ್ಪ ದಪ್ಪಗಿನ ಪುರಿ ಮೂಟೆ. ನಾಳೆ ನವಮಿ, ರೂಮಿನಲ್ಲಿ ಹನ್ನೆರಡು ಜನ ಸೇರುತ್ತಾರೆ, ಮಟನ್ ಮಾಡುತ್ತೇವೆ, ನೀವು ಬರಲೇಬೇಕು ಸಾರ್ ಅಂದ. ಚಂದಾ ಎಷ್ಟು ಅಂತ ಬಾಯಿತಪ್ಪಿ ಕೇಳಿದೆ. ನಕ್ಕ.

ರೂಮು ಎಲ್ಲಿ ಅಂದೆ. ಊರಿನ ಹೆಸರು ಹೇಳಿದ. ನನ್ನ ಹುಟ್ಟೂರಿಗೂ ಅದಕ್ಕೂ ನಡುವೆ ಒಂದು ಕೆರೆ ಅಷ್ಟೇ. ಚಿಕ್ಕಂದಿನಲ್ಲಿ ಜಾತ್ರೆಗೆ ನಡೆದುಕೊಂಡು ಹೋಗುತ್ತಿದ್ದೆವು. ಅಲ್ಲಿ ಎಲ್ಲಿ ಅಂದೆ. ಹಳೇ ಭಜನೆಮನೆ ಹಿಂದೆ, ಹೊಸ ಪಿ.ಜಿ. ಪಕ್ಕದ ಗಲ್ಲಿ, ಮೂರನೇ ಬಿಲ್ಡಿಂಗು ಅಂದ. ನಾನು ಹೂಂಗುಟ್ಟಿದ್ದು ಅವನಿಗೆ ಸಾಲಲಿಲ್ಲ ಅಂತ ಕಾಣುತ್ತದೆ. ಗಾಡಿ ಸ್ಟಾರ್ಟ್ ಮಾಡಿ, ಹೆಲ್ಮೆಟ್ ಹಾಕಿಕೊಂಡು, ಅದರ ಗಾಜು ಮೇಲೆತ್ತಿ ಹೇಳಿದ:

“ಲೊಕೇಶನ್ ಕಳಿಸ್ತೀನಿ ಸಾರ್.”